ಬೀರು ಮುಖ್ಯವೋ, ಬೀರು ಕುಡಿಯೋ ಜಾಗ ಮುಖ್ಯವೋ?

ಹಳೇ ಮಗ್ಗು

ನೇರವಾಗಿ ಹೇಳಿಬಿಡ್ತೀನಿ, ಬೈಯೋರು ಬೈಕೊಳ್ಳಿ. ಬೆಂಗಳೂರಲ್ಲಿ ಬೀರು ಇವತ್ತಿನಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ. ಪಬ್ಬು ಇವತ್ತಿನಷ್ಟು ಕೆಟ್ಟದಾಗಿಯೂ ಯಾವತ್ತೂ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ನಾವು ಕುಡೀತಿದ್ದಿದ್ದು ಹೆಚ್ಚುಕಮ್ಮಿ ಒಂದೇ ಬೀರು. ಯಾವ ಪಬ್ಬಿಗೆ ಹೋದ್ರೂ ಡ್ರಾಟ್ (ಟ್ಯಾಪಿಂದ ಸುರಿಯೋ ಬೀರು) ಅಂದ್ರೆ ಕಿಂಗ್‌ಫಿಷರ್. ಇವತ್ತು ಯುಬಿ ಸಿಟಿ ನಿಂತಿದೆಯಲ್ಲ, ಅದೇ ಜಾಗದಲ್ಲಿ ಕಿಂಗ್‌ಫಿಷರ್‌ನವರ ಬ್ರೂವರಿ ಇತ್ತು, ಎಂ.ಜಿ. ರಸ್ತೆಯಿಂದ ನಡೆದು ಹೋಗೋ ದೂರ. ಆ ಬೀರಿನ ರುಚಿ ಹೇಗಿದೆ ಅಂತ ಟೇಬಲ್ಲಲ್ಲಿ ಯಾರೂ ಮಾತಾಡ್ತಿರಲಿಲ್ಲ. ಹಲ್ಲು ಜುಂ ಅನ್ನೋ ಹಾಗೆ ತಣ್ಣಗಿದ್ರೆ ಆಯ್ತು. ಆದ್ರೆ ಜಾಗಗಳು! ರೆಸ್ಟ್ ಹೌಸ್ ರಸ್ತೆಯ ಪೆಕೋಸ್, 1989ರದ್ದು: ಇಕ್ಕಟ್ಟಿನ ಮೆಟ್ಟಿಲು, ಗೋಡೆ ಮೇಲೆ ಹೆಂಡ್ರಿಕ್ಸ್, ಮಾರ್ಲಿ ಥರದ ಗಾಯಕರ ಚಿತ್ರ, ಬೆಳಿಗ್ಗೆಯಿಂದ ಹಳೇ ರಾಕ್ ಹಾಡು. ಚರ್ಚ್ ಸ್ಟ್ರೀಟಿನ ನಾಸಾ ಒಳಗೆ ಕಾಲಿಟ್ರೆ ಆಕಾಶನೌಕೆ. ಕಾಕ್‌ಬರ್ನ್ ರಸ್ತೆಯ ಡಿವಾರ್ಸ್ ಅಂತೂ 1933ರಿಂದ ಇದ್ದದ್ದು, ಬೆತ್ತದ ಕುರ್ಚಿ, ಮಂದ ಬೆಳಕು, ಯಾರಿಗೂ ಅವಸರ ಇಲ್ಲ. ಕೋಶೀಸ್‌ನಲ್ಲಿ ಒಂದು ಬೀರು ಮುಂದಿಟ್ಕೊಂಡು ಮಧ್ಯಾಹ್ನ ಪೂರ್ತಿ ಕೂತ್ರೂ ಕೇಳದೆ ಬಿಲ್ ತಂದಿಡ್ತಿರಲಿಲ್ಲ.

2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಬಂತು, ಬೀರನ್ನ ಅಲ್ಲೇ ತಯಾರಿಸೋ ಬ್ರೂಪಬ್, ಅದರ ಹಿಂದೆಯೇ ಬಿಯೇರ್ ಕ್ಲಬ್, ಆರ್ಬರ್, ವಿಂಡ್‌ಮಿಲ್ಸ್. ಈಗ ಬಾಸ್ಮತಿ ಹಾಕಿದ್ದೂ ಇದೆ, ರಾಗಿ ಹಾಕಿದ್ದೂ ಇದೆ, ಬೇಸಿಗೆ ಬಂದ್ರೆ ಮಾವಿನಹಣ್ಣಿನದೂ ಇದೆ. ರುಚಿ ಇದೆ, ಒಪ್ಪಿದೆ. ಆದ್ರೆ ಈಚೆಗೆ ಎದ್ದಿರೋ ಮೂರಂತಸ್ತಿನ ಬ್ರೂಪಬ್‌ಗಳಲ್ಲಿ ಎದುರಿಗೆ ಕೂತವನ ಮಾತು ಕೇಳಿಸಲ್ಲ. ಗ್ಲಾಸ್ ಅರ್ಧ ಇರುವಾಗಲೇ ಹುಡುಗ ಬಂದು ‘ರಿಪೀಟಾ ಸಾರ್?’ ಅಂತಾನೆ. ಒಂಬತ್ತೂವರೆಗೆ ಇನ್ಯಾರೋ ಬುಕ್ ಮಾಡಿದ್ದಾರೆ, ಏಳಬೇಕು.

ಸಾಧಾರಣ ಬೀರು, ಒಳ್ಳೇ ಜಾಗ: ನಡೆಯುತ್ತೆ. ಒಳ್ಳೇ ಬೀರು, ಕೆಟ್ಟ ಜಾಗ: ನಡೆಯಲ್ಲ. ಇದು ನನ್ನ ವಾದ. ಏನಂತೀರ?

ಮಹಡಿ ಮಾದೇಶ

ನಮ್ಮನೆ ಟೆರೇಸು. ವಾತಾವರಣ ಫ್ರೀ, ಬೀರು ಎಂಆರ್‌ಪಿ. ಚರ್ಚೆ ಮುಗೀತು.

ಈಸ್ಟ್ ಸ್ವಾಮಿ

ಹಳೇ ಮಗ್ಗು ಸಾರ್, ನಾನು ಬ್ರೂಪಬ್ಬೊಂದರಲ್ಲಿ ಬೀರು ಕಾಯಿಸೋನು, ಹೀಗಾಗಿ ಪಕ್ಷಪಾತ ಇದೆ, ಮೊದಲೇ ಹೇಳ್ಬಿಡ್ತೀನಿ.

ನಿಮ್ಮ ಮಾತಲ್ಲಿ ಒಂದು ಸಣ್ಣ ಕೈಚಳಕ ಇದೆ. ‘ಸಾಧಾರಣ ಬೀರು’ ಅಂದ್ರಿ, ‘ಕೆಟ್ಟ ಬೀರು’ ಅನ್ನಲಿಲ್ಲ. ನಿಮ್ಮ ಕಾಲದ ಡ್ರಾಟ್ ಸಾಧಾರಣ ಇರಬಹುದು, ಆದ್ರೆ ತಾಜಾ ಇತ್ತು. ಕಾರ್ಖಾನೆ ಊರೊಳಗೇ ಇತ್ತು ಅಂತ ನೀವೇ ಹೇಳಿದ್ರಿ. ಒಂದೇ ಬೀರು, ನೂರು ಜನ ಅದನ್ನೇ ಕುಡಿಯೋರು, ಸಂಜೆ ಆಗೋದ್ರೊಳಗೆ ಕೆಗ್ (ಲೋಹದ ಪೀಪಾಯಿ) ಖಾಲಿ. ಅದಕ್ಕೆ ಕೆಡೋಕೆ ಪುರುಸೊತ್ತೇ ಇರಲಿಲ್ಲ. ಬೆಂಗಳೂರಿಗೆ ಪಬ್ ಊರು ಅನ್ನೋ ಹೆಸರು ಬರೋಕೆ ಹವೆ ಎಷ್ಟು ಕಾರಣವೋ ಆ ಬ್ರೂವರಿಯೂ ಅಷ್ಟೇ ಕಾರಣ. ಡ್ರಾಟ್ ಬೀರನ್ನ ದೂರ ಸಾಗಿಸೋದು ಕಷ್ಟ ಸಾರ್.

ನಿಜವಾಗಿ ಕೆಟ್ಟ ಬೀರು ಏನು ಅಂತ ಹೇಳ್ತೀನಿ. ಕರಗಿದ ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂದ್ರೆ ಅದು ಡಯಾಸೆಟೈಲ್ ಅನ್ನೋ ರಾಸಾಯನಿಕ. ಹುದುಗು ಪೂರ್ತಿಯಾಗೋ ಮುಂಚೆ ಅವಸರದಲ್ಲಿ ಇಳಿಸಿದ್ರೂ ಬರುತ್ತೆ, ಪೈಪಿನೊಳಗೆ ಬ್ಯಾಕ್ಟೀರಿಯಾ ಮನೆ ಮಾಡಿದ್ರೂ ಬರುತ್ತೆ. ಒದ್ದೆ ರಟ್ಟಿನ ವಾಸನೆ ಬಂದ್ರೆ ಗಾಳಿ ತಾಗಿ ಹಳತಾಗಿದೆ. ವಿನಿಗರ್ ಥರ ಹುಳಿ ಹೊಡೆದ್ರೆ ಹೇಳೋದೇ ಬೇಡ. ಟ್ಯಾಪಿಗೆ ಹೋಗೋ ಲೈನನ್ನ ಎರಡು ವಾರಕ್ಕೊಮ್ಮೆ ಕಾಸ್ಟಿಕ್ ಹಾಕಿ ತೊಳೀಬೇಕು. ಎಷ್ಟು ಕಡೆ ತೊಳೀತಾರೆ ಅಂತ ನನ್ನ ಬಾಯಿ ಬಿಡಿಸಬೇಡಿ. ಲಾಗರ್, ಅಂದ್ರೆ ತಣ್ಣಗೆ ನಿಧಾನಕ್ಕೆ ಹುದುಗೋ ಬೀರು, ಸರಿಯಾಗಿ ಆಗೋಕೆ ನಾಲ್ಕರಿಂದ ಆರು ವಾರ ಟ್ಯಾಂಕು ಹಿಡ್ಕೊಳ್ಳುತ್ತೆ, ಗೋಧಿ ಹಾಕಿದ ವೀಟ್ ಬೀರು ಅದರ ಅರ್ಧದಲ್ಲಿ ತಯಾರು. ಊರಲ್ಲಿ ಯಾವ ಬ್ರೂಪಬ್ಬಿಗೆ ಹೋದ್ರೂ ಮೆನುವಿನಲ್ಲಿ ವೀಟ್ ಮೊದಲಿರೋದಕ್ಕೆ ಜನರ ನಾಲಿಗೆ ಅರ್ಧ ಕಾರಣ, ಟ್ಯಾಂಕಿನ ಲೆಕ್ಕ ಅರ್ಧ ಕಾರಣ. (ಅದರ ಬಾಳೆಹಣ್ಣು, ಲವಂಗದ ವಾಸನೆ ಈಸ್ಟಿಂದ ಬರೋದು. ದಯವಿಟ್ಟು ‘ಎಸೆನ್ಸ್ ಹಾಕಿದ್ದೀರಾ’ ಅಂತ ಕೇಳಬೇಡಿ.)

ಕೆಟ್ಟ ಬೀರು ಇಟ್ಕೊಂಡು ಎಂಥಾ ಜಾಗದಲ್ಲಿ ಕೂತ್ರೂ ಎರಡನೇ ಗ್ಲಾಸಿಗೆ ನೀವೇ ರಮ್ಮಿಗೆ ಇಳೀತೀರ.

ರಾಯಚೂರು ಬಿಸ್ಲು

ಬೆಂಗಳೂರಾಗ ಕುಂತು ಬಾಳಿಹಣ್ಣಿನ ವಾಸನಿ, ಲವಂಗದ ವಾಸನಿ ಅಂತ ಮಾತಾಡಾಕತ್ತೀರಲ್ರೀ! ಮೇ ತಿಂಗಳದಾಗ ನಮ್ಮ ಕಡೆ ಬರ್ರಿ ಒಮ್ಮೆ. ಡಿಪೋದಾಗಿಂದ ಬಂದ ಬೀರ್ ಬಾಕ್ಸ್ ಅಂಗಡಿ ಮುಂದ ಬಿಸಲಾಗ ಇರತಾವ. ಬಾಟ್ಲಿ ಕಾದು, ಫ್ರಿಜ್ಜಿನ್ಯಾಗ ಹೋಗಿ ತಣ್ಣಗಾಗಿ, ಕರೆಂಟ್ ಹೋಗಿ ಮತ್ತ ಕಾದು, ಮತ್ತ ತಣ್ಣಗಾಗಿ ನಮ್ಮ ಟೇಬಲ್ಲಿಗೆ ಬರತೈತಿ. ಅದರಾಗ ಏನ್ ರಟ್ಟಿನ ವಾಸನಿ ಹುಡುಕ್ತೀರಿ? ನಮಗ ಎರಡೇ ಪ್ರಶ್ನಿ. ಬೀರ್ ತಣ್ಣಗ ಐತೋ ಇಲ್ಲೋ, ತಲಿ ಮ್ಯಾಲ ಫ್ಯಾನ್ ತಿರಗತೈತೋ ಇಲ್ಲೋ.

ಕ್ವಾಲಿಟಿ ಅಂದ್ರ ನಮ್ಮಲ್ಲಿ ಸ್ಟ್ರಾಂಗೋ ಲೈಟೋ ಅಷ್ಟ. ಲೈಟ್ ಕೇಳಿದ್ರ ಸಪ್ಲಾಯರ್ ‘ಆರಾಮ ಇಲ್ಲೇನ್ರೀ’ ಅಂತ ಕೇಳ್ತಾನ.

ಆದ್ರ ಜಾಗದ ಮಾತಿಗೆ ಬಂದ್ರ ನಾ ಮಗ್ಗು ಅವರ ಕಡೆ. ನಾ ಹೋಗೋ ಬಾರಿನ್ಯಾಗ ಏಸಿ ಇಲ್ಲ, ಮ್ಯೂಸಿಕ್ ಇಲ್ಲ, ಗೋಡಿಗೆ ಒಂದ್ ಕ್ಯಾಲೆಂಡರ್. ನಾ ಕುಂತ ಕೂಡ್ಲೇ ಶೇಂಗಾ, ಹೆಚ್ಚಿದ ಉಳ್ಳಾಗಡ್ಡಿ, ನಿಂಬಿಹಣ್ಣು ಬಂದ್ ಬೀಳತಾವ, ಕೇಳೂದs ಇಲ್ಲ. ಜ್ವರ ಬಂದ್ ಒಂದ್ ವಾರ ಹೋಗಲಿಲ್ಲಂದ್ರ ಕ್ಯಾಷಿಯರ್ ಫೋನ್ ಮಾಡ್ತಾನ. ಉದ್ರಿ ಸಲುವಾಗಿ ಮಾಡ್ತಾನ ಅನ್ನೂದು ಬ್ಯಾರೆ ಮಾತು.

ಉಲ್ಟಾ ಬಾಟ್ಲಿ

ಬಾಟ್ಲಿ ಬೀರಲ್ಲಿ ಗ್ಲಿಸರಿನ್ ಹಾಕ್ತಾರಲ್ಲ, ಅದೇ ತಲೆನೋವಿಗೆ ಕಾರಣ. ನೀರಿನ ಗ್ಲಾಸಲ್ಲಿ ಬಾಟ್ಲಿ ಉಲ್ಟಾ ಮಾಡಿ ಇಟ್ರೆ ಗ್ಲಿಸರಿನ್ ಎಣ್ಣೆ ಥರ ಕೆಳಗಿಳಿಯೋದು ಕಣ್ಣಿಗೇ ಕಾಣುತ್ತೆ. ಈಸ್ಟ್ ಸ್ವಾಮಿ ಇದರ ಬಗ್ಗೆ ಯಾಕೆ ಮಾತಾಡ್ತಿಲ್ಲ?

ಈಸ್ಟ್ ಸ್ವಾಮಿ

ಕೆಳಗಿಳಿಯೋದು ಬೀರೇ ಗುರುಗಳೇ. ಹುದುಗಿದ ಮೇಲೂ ಅದರಲ್ಲಿ ಒಂದಿಷ್ಟು ಸಕ್ಕರೆ, ಪಿಷ್ಟದ ಅಂಶ ಉಳಿದಿರುತ್ತೆ, ಹಾಗಾಗಿ ನೀರಿಗಿಂತ ಒಂಚೂರು ಭಾರ. ಬೀರು ಇಳಿಯುತ್ತೆ, ಆ ಜಾಗಕ್ಕೆ ನೀರು ಏರುತ್ತೆ. ಗ್ಲಿಸರಿನ್ ತೆಗೆದೆ ಅಂತ ನೀವು ಮಾಡಿದ್ದು ದುಡ್ಡು ಕೊಟ್ಟು ತಂದ ಬೀರಿಗೆ ನಲ್ಲಿ ನೀರು ಬೆರೆಸಿದ್ದು. ತಲೆನೋವಿಗೆ ಎಂಟು ಪರ್ಸೆಂಟಿನ ಮೂರು ಬಾಟ್ಲಿ ಸಾಕು, ಬೇರೆ ಕಾರಣ ಹುಡುಕಬೇಡಿ.

ರಾಯಚೂರು ಅಣ್ಣ, ಬಿಸಿಲು ವೈರಿ ಅನ್ನೋದು ಸರಿ. ಇನ್ನೊಂದು, ಹಸಿರು ಗಾಜಿನ ಬಾಟ್ಲಿ ಶೋಕೇಸಿನ ಬೆಳಕಲ್ಲಿ ನಿಂತಿದ್ರೆ ತಗೋಬೇಡಿ. ಬೆಳಕು ಬಿದ್ದು ಹಾಪ್ಸ್ ಅನ್ನೋ ಹೂವಿನ ಕಹಿ ಅಂಶ ಒಡೆದು ನಾತ ಬರುತ್ತೆ. ಕಂದು ಗಾಜು ಅದನ್ನ ಬಹುಪಾಲು ತಡೆಯುತ್ತೆ.

ಕುಡ್ಲದವಳು

ಮಾರಾಯ್ರೆ, ಇಷ್ಟು ಹೊತ್ತು ಓದಿದೆ. ನಿಮ್ಮ ಆ ಹಳೇ ಪಬ್ಬಿನ ಕಥೆಯಲ್ಲಿ, ಬೆತ್ತದ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ, ಒಬ್ಬಳು ಹೆಂಗಸಾದರೂ ಕೂತಿದ್ದಾಳಾ?

ವಾತಾವರಣ ಅಂತ ನೀವು ಹೇಳುವಾಗ ಹಾಡು, ಬೆಳಕು, ಸಪ್ಲಾಯರನ ನೆನಪು. ನಮ್ಮ ಮಂಗಳೂರಿನಲ್ಲಿ 2009ರ ಜನವರಿ 24ಕ್ಕೆ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿದೆ. ಆಮೇಲೆ ಎಷ್ಟೋ ವರ್ಷ ನಮಗೆ ವಾತಾವರಣ ಅಂದರೆ ಬಾಗಿಲು ಎಷ್ಟು ದೂರ ಉಂಟು, ಯಾರ ಮೊಬೈಲ್ ಯಾವ ಕಡೆ ತಿರುಗಿ ಉಂಟು ಅಂತ ನೋಡುವುದು. ಬಾರ್ ಎಂಡ್ ರೆಸ್ಟೋರೆಂಟಿಗೆ ಹೋದರೆ ‘ಫ್ಯಾಮಿಲಿ ರೂಮು ಮೇಲೆ’ ಅಂತ ಕಳಿಸ್ತಾರೆ. ಟ್ಯೂಬ್‌ಲೈಟು, ಮಾಸಿದ ಪರದೆ, ಪಕ್ಕದಲ್ಲಿ ಕೈ ತೊಳೆಯುವ ಬೇಸಿನ್. ಅಲ್ಲಿ ಯಾವ ಬೀರು ಕೊಟ್ಟರೂ ರುಚಿಸುವುದಿಲ್ಲ.

ನೀವು ಬೈಯುವ ಆ ದೊಡ್ಡ ಬ್ರೂಪಬ್ಬಿನಲ್ಲಿ ನಾವು ಮೂರು ಜನ ಗೆಳತಿಯರು ಹೋಗಿ ಕೂತರೆ ಒಬ್ಬನೂ ತಿರುಗಿ ನೋಡುವುದಿಲ್ಲ. ಬಾತ್‌ರೂಮ್ ಕ್ಲೀನ್ ಉಂಟು, ಬಾಗಿಲಿಗೆ ಚಿಲಕ ಉಂಟು. ಹೊರಗೆ ಬಂದರೆ ಕ್ಯಾಬ್ ನಿಲ್ಲಲಿಕ್ಕೆ ಬೆಳಕಿರುವ ಜಾಗ ಉಂಟು. ನನಗೆ ಮೊದಲು ಅದು, ಆಮೇಲೆ ನಿಮ್ಮ ಹೆಂಡ್ರಿಕ್ಸ್.

ಹಳೇ ಮಗ್ಗು

ಮೇಡಂ, ಪೆಕೋಸಿನಲ್ಲಿ ಆಗಲೂ ಹುಡುಗಿಯರು ಬರೋರು, ಇಲ್ಲ ಅನ್ನಬೇಡಿ. ಆದ್ರೆ ಬೇರೆ ಕಡೆಗಳ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಒಂದು ಮಾತ್ರ ಗಮನಿಸಿ: ಇಷ್ಟುದ್ದ ಬರೆದ್ರಿ, ಬೀರಿನ ಬಗ್ಗೆ ಒಂದಕ್ಷರ ಇಲ್ಲ. ನೀವೂ ನನ್ನ ಪಕ್ಷವೇ!

ಕುಡ್ಲದವಳು

ಬೀರಿನ ಮಾತಿಗೆ ಬರಲಿಕ್ಕೆ ಬಿಡಿ ಅಲ್ವಾ ಸ್ವಲ್ಪ. ಚಿಲಕ ಇದ್ದರೆ ತಾನೇ ಆರಾಮವಾಗಿ ಕೂತು ರುಚಿ ನೋಡುವುದು?

ನನ್ನ ತಕರಾರು ಗ್ಲಾಸಿನದ್ದು. ನಮ್ಮ ಕಡೆ ಬಂಗುಡೆ, ಕಾಣೆ ಫ್ರೈ ಇಲ್ಲದೆ ಬೀರು ಇಳಿಯುವುದಿಲ್ಲ. ಆ ಪ್ಲೇಟು ತೊಳೆದ ನೀರಿನಲ್ಲೇ ಗ್ಲಾಸನ್ನೂ ಅದ್ದಿ ತೆಗೆಯುತ್ತಾರೆ. ಮೂಗಿಗೆ ಹಿಡಿದರೆ ಮೊದಲು ಮೀನು, ಆಮೇಲೆ ಸಾಬೂನು, ಕೊನೆಗೆ ಬೀರು. ನೊರೆ ಅಂತೂ ಟೇಬಲ್ಲಿಗೆ ಬರುವಷ್ಟರಲ್ಲಿ ಇಲ್ಲ.

ಈಸ್ಟ್ ಸ್ವಾಮಿ

ಮೇಡಂ, ನೊರೆ ಸಾಯೋದು ಎಣ್ಣೆ ಜಿಡ್ಡಿಗೆ, ಸಾಬೂನಿನ ಪಸೆಗೆ. ಗ್ಲಾಸ್ ಸರಿಯಾಗಿ ತೊಳೆದಿದ್ರೆ ಪ್ರತಿ ಗುಟುಕಿಗೂ ಒಂದೊಂದು ನೊರೆಯ ಉಂಗುರ ಗಾಜಿಗೆ ಅಂಟ್ಕೊಂಡು ಉಳಿಯುತ್ತೆ. ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಕಚ್ಕೊಂಡಿದ್ರೆ ಅಲ್ಲಿ ಕೊಳೆ ಇದೆ ಅಂತರ್ಥ. ಅದು ಬೀರಿನ ತಪ್ಪಲ್ಲ, ತೊಳೆಯೋ ಜಾಗದ ತಪ್ಪು.

ಲೀಡ್ಸ್ ಕಡೆಯವ

ನಾನು ಹಾಸನದವನು, ಈಗ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿದ್ದೀನಿ. ಈ ಜಗಳ ಇಲ್ಲಿ ಐವತ್ತು ವರ್ಷದಷ್ಟು ಹಳೇದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಅರವತ್ತರ ದಶಕದಲ್ಲಿ ಇಲ್ಲಿನ ದೊಡ್ಡ ಕಂಪನಿಗಳು ಕೆಗ್ ಬೀರನ್ನ ಊರೂರಿಗೂ ತಂದವು. ಸೋಸಿ, ಬಿಸಿ ಮಾಡಿ, ಗ್ಯಾಸ್ ಒತ್ತಿ ಕಳಿಸೋದು. ಎಲ್ಲ ಪಬ್ಬಿನಲ್ಲೂ ಒಂದೇ ರುಚಿ, ಕೆಡೋ ಭಯವೂ ಕಮ್ಮಿ. ಪಬ್ಬುಗಳು ಹಾಗೇ ಇದ್ವು, ಅದೇ ಬೆಂಕಿಗೂಡು, ಅದೇ ಮರದ ಬೆಂಚು, ಬೀರು ಮಾತ್ರ ಸಪ್ಪೆಯಾಯ್ತು. ಹಳೇ ಮಗ್ಗು ಅವರ ವಾದದ ಪ್ರಕಾರ ಜನ ಸುಮ್ಮನಿರಬೇಕಿತ್ತು. ಇರಲಿಲ್ಲ. 1971ರಲ್ಲಿ ಕ್ಯಾಮ್ರಾ ಅನ್ನೋ ಕುಡಿಯೋರ ಸಂಘ ಹುಟ್ಟಿತು, ಪೀಪಾಯಿಯಲ್ಲೇ ಹದವಾಗೋ ಹಳೇ ಥರದ ಬೀರು, ಕಾಸ್ಕ್ ಏಲ್, ಉಳಿಸಬೇಕು ಅಂತ. ಅದರ ಸದಸ್ಯರು ಇವತ್ತಿಗೂ ಪಬ್ಬಿಂದ ಪಬ್ಬಿಗೆ ಹೋಗಿ ಬೀರಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡ್ತಾರೆ. ಆದ್ರೆ ವರ್ಷದ ಪಬ್ ಅಂತ ಆರಿಸುವಾಗ ಬರೀ ಬೀರು ನೋಡಲ್ಲ. ಜಾಗದ ಕಳೆ, ಬಂದವರನ್ನ ಮಾತಾಡಿಸೋ ರೀತಿ, ಆ ಊರಿಗೆ ಆ ಪಬ್ಬಿನಿಂದ ಏನು ಉಪಯೋಗ, ಇವೂ ಲೆಕ್ಕಕ್ಕೆ ಬರ್ತವೆ. ಬೀರಿಗೋಸ್ಕರವೇ ಕಟ್ಟಿದ ಸಂಘಕ್ಕೂ ಎರಡನ್ನ ಬಿಡಿಸಿ ನೋಡೋಕೆ ಆಗಲಿಲ್ಲ.

ಯಾಕೆ ಆಗಲಿಲ್ಲ ಅಂದ್ರೆ ಕಾಸ್ಕ್ ಬೀರು ಬ್ರೂವರಿ ಬಿಡುವಾಗ ಪೂರ್ತಿ ಆಗಿರೋದೇ ಇಲ್ಲ. ಪೀಪಾಯಿಯೊಳಗೆ ಈಸ್ಟ್ ಇನ್ನೂ ಜೀವಂತ. ಪಬ್ಬಿನವನು ಅದನ್ನ ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿಯಲ್ಲಿ ಮಲಗಿಸಿ, ಸಣ್ಣ ಮರದ ಬೆಣೆ ಹೊಡೆದು ಗ್ಯಾಸ್ ಬಿಡಿಸಿ, ಗಸಿ ಕೂರೋವರೆಗೆ ಕಾಯಬೇಕು. ಒಮ್ಮೆ ತೆರೆದ ಮೇಲೆ ಮೂರು ದಿನದಲ್ಲಿ ಖಾಲಿಯಾಗಬೇಕು. ಒಂದೇ ಬ್ರೂವರಿಯ ಒಂದೇ ಬೀರು ಈ ಪಬ್ಬಲ್ಲಿ ಅಮೃತ, ಬೀದಿ ಕೊನೆಯ ಪಬ್ಬಲ್ಲಿ ವಿನಿಗರ್. ಜನ ಬರದ ಪಬ್ಬಲ್ಲಿ ಪೀಪಾಯಿ ಖಾಲಿಯಾಗಲ್ಲ, ಖಾಲಿಯಾಗದ ಬೀರು ಕೆಡುತ್ತೆ, ಕೆಟ್ಟ ಬೀರಿಗೆ ಇದ್ದ ಜನವೂ ಹೋಗ್ತಾರೆ. ಹಾಗಾಗಿ ಜನ ಬಂದು ಕೂರೋ ಹಾಗೆ ಮಾಡೋದೇ ಇಲ್ಲಿ ಬೀರು ಉಳಿಸ್ಕೊಳ್ಳೋ ಮೊದಲ ಉಪಾಯ. ಈಸ್ಟ್ ಸ್ವಾಮಿ ಹಳೇ ಬೆಂಗಳೂರಿನ ಕೆಗ್ ಬಗ್ಗೆ ಹೇಳಿದ್ದೂ ಇದೇ ಅಲ್ವಾ?

ಸದ್ದಿನ ಬಗ್ಗೆ: ನಮ್ಮ ಪಕ್ಕದ ಟ್ಯಾಡ್‌ಕಾಸ್ಟರಿನ ಸ್ಯಾಮ್ಯುಯೆಲ್ ಸ್ಮಿತ್ ಕಂಪನಿಯ ಪಬ್ಬುಗಳಲ್ಲಿ ಹಾಡಿಲ್ಲ, ಟಿವಿ ಇಲ್ಲ. 2017ರಲ್ಲಿ ಬೈಗುಳ ನಿಷೇಧ ಮಾಡಿದ್ರು, 2019ರಲ್ಲಿ ಮೊಬೈಲೂ ಬೇಡ ಅಂದ್ರು. ಮಾತು ಚೆನ್ನಾಗಿ ಕೇಳಿಸುತ್ತೆ, ಆದ್ರೆ ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತು ಕುಡಿದ ಹಾಗಿರುತ್ತೆ. ಅದಕ್ಕಿಂತ ನನಗೆ ಮೈಕ್ರೋಪಬ್‌ಗಳು ಇಷ್ಟ. 2005ರಲ್ಲಿ ಕೆಂಟ್ ಸೀಮೆಯ ಹರ್ನ್ ಅನ್ನೋ ಹಳ್ಳಿಯಲ್ಲಿ ಹಿಂದೆ ಮಾಂಸದಂಗಡಿ ಇದ್ದ ಒಂದು ಪುಟ್ಟ ಕೋಣೆಯಲ್ಲಿ ಮೊದಲನೇದು ಶುರುವಾಯ್ತು. ಕಾಸ್ಕ್ ಏಲ್, ಮಾತು, ಅಷ್ಟೇ. ಜಾಗ ಎಷ್ಟು ಚಿಕ್ಕದು ಅಂದ್ರೆ ಪಕ್ಕದವರನ್ನ ಮಾತಾಡಿಸದೆ ಇರೋಕೆ ಆಗಲ್ಲ. ಬಾಡಿಗೆಯೂ ಅಷ್ಟೇ ಚಿಕ್ಕದು, ಹಾಗಾಗಿ ನಿಮ್ಮನ್ನ ಎಬ್ಬಿಸೋ ಅವಸರ ಯಾರಿಗೂ ಇಲ್ಲ.

ಕುಡ್ಲದವಳು ಅವರ ಮಾತಿಗೆ ಒಂದು ಸೇರಿಸ್ತೀನಿ. ಅರವತ್ತರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆತಿಕ್‌ನಲ್ಲಿ ಫೌಂಡ್ರಿ ಕೆಲಸದ ಪಂಜಾಬಿಗಳನ್ನ ಕೆಲವು ಪಬ್ಬುಗಳ ಒಳಕೋಣೆಗೆ ಬಿಡ್ತಿರಲಿಲ್ಲ. ಇಂಡಿಯನ್ ವರ್ಕರ್ಸ್ ಅಸೋಸಿಯೇಶನ್ ಅದರ ವಿರುದ್ಧ ಹೋರಾಡಿತು, 1965ರ ಫೆಬ್ರವರಿಯಲ್ಲಿ ಅಮೆರಿಕದ ಕರಿಯರ ಹಕ್ಕಿನ ಹೋರಾಟಗಾರ ಮಾಲ್ಕಮ್ ಎಕ್ಸ್ ಆ ಊರಿಗೆ ಬಂದು ಹೋದ್ರು, ಅದೇ ವರ್ಷ ಇಂಥ ಭೇದಭಾವ ಕಾನೂನು ಪ್ರಕಾರ ತಪ್ಪಾಯ್ತು. ಇವತ್ತು ಅದೇ ಸೀಮೆಯ ಎಷ್ಟೋ ಪಬ್ಬುಗಳನ್ನ ಪಂಜಾಬಿಗಳೇ ನಡೆಸ್ತಾರೆ, ದೇಸಿ ಪಬ್ ಅಂತಲೇ ಹೆಸರು. ಉರಿಯೋ ತಟ್ಟೆಯಲ್ಲಿ ಮಿಕ್ಸ್ಡ್ ಗ್ರಿಲ್, ಟಿವಿಯಲ್ಲಿ ಫುಟ್‌ಬಾಲ್, ಟೇಬಲ್ ಸುತ್ತ ಎಲ್ಲ ಬಣ್ಣದವರು. ಬೀರು? ಹೆಚ್ಚಿನ ಕಡೆ ಮಾಮೂಲಿ ಲಾಗರ್. ನಾನು ಅಲ್ಲಿಗೆ ಹೋದಾಗ ಯಾವತ್ತೂ ಕಾಸ್ಕ್ ಕೇಳಿಲ್ಲ.

ಡೆಸಿಬಲ್ ದಾಸ

ಬೆಂಗಳೂರಿನ ಪಬ್ಬುಗಳಲ್ಲಿ ಸದ್ದು ಯಾಕೆ ಜೋರು ಅಂತ ಯಾರೂ ಹೇಳಲಿಲ್ಲ. ಫ್ರಾನ್ಸಿನ ಸಂಶೋಧಕರು 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಬಾರಿನ ಹಾಡಿನ ಸದ್ದನ್ನ ಮಾಮೂಲಿ 72 ಡೆಸಿಬಲ್‌ನಿಂದ 88ಕ್ಕೆ ಏರಿಸಿ, ಹುಡುಗರು ಕಾಲು ಲೀಟರ್ ಬೀರು ಎಷ್ಟು ಹೊತ್ತಲ್ಲಿ ಮುಗಿಸ್ತಾರೆ ಅಂತ ದೂರದಿಂದ ನೋಡಿದ್ರು. ಹದಿನಾಲ್ಕೂವರೆ ನಿಮಿಷ ಹಿಡೀತಿದ್ದದ್ದು ಹನ್ನೊಂದೂವರೆ ನಿಮಿಷಕ್ಕೆ ಇಳೀತು. ತರಿಸಿದ ಗ್ಲಾಸುಗಳ ಸಂಖ್ಯೆಯೂ ಏರಿತು. ಮಾತಾಡೋಕೆ ಆಗದಿದ್ರೆ ಬಾಯಿಗೆ ಇನ್ನೇನು ಕೆಲಸ?

ಮಾಜಿ ಕ್ಯಾಪ್ಟನ್

ದಾಸರು ಹೇಳಿದ್ದು ನಿಜ ಸಾರ್. ಬ್ರೂಪಬ್ ಒಂದರಲ್ಲಿ ಕ್ಯಾಪ್ಟನ್, ಅಂದ್ರೆ ಸಪ್ಲಾಯರ್‌ಗಳ ಮೇಸ್ತ್ರಿ, ಆಗಿದ್ದೆ, ಹೆಸರು ಬೇಡ. ಎಂಟು ಗಂಟೆಗೆ ಡಿಜೆ ಸೌಂಡು ಏರಿಸಬೇಕು ಅಂತ ಮ್ಯಾನೇಜರ್ ಹೇಳೋರು. ಕಾರಣ ಕೇಳಿದ್ರೆ ‘ವೈಬು’ ಅನ್ನೋರು. ಹಳೇ ಮಗ್ಗು ಸಾರ್ ಥರದ ಗಿರಾಕಿಗಳು, ಬೇಜಾರು ಮಾಡ್ಕೋಬೇಡಿ, ಒಂದು ಮಸಾಲ ಕಡ್ಲೆಬೀಜ, ಎರಡು ಬೀರಿಗೆ ನಾಲ್ಕು ಗಂಟೆ ಟೇಬಲ್ ಹಿಡಿಯೋರು ಇರ್ತಾರಲ್ಲ, ಅವರಿಂದ ಆ ಬಾಡಿಗೆ ಹುಟ್ಟಲ್ಲ. ಹಂಡ್ರೆಡ್ ಫೀಟ್ ರಸ್ತೆಯ ಬಾಡಿಗೆ, ಲೈಸೆನ್ಸ್ ಫೀಸು, ಟ್ಯಾಂಕುಗಳಿಗೆ ಹಾಕಿದ ಬಂಡವಾಳ, ಎಲ್ಲಾ ನಿಮ್ಮ ಕುರ್ಚಿ ಮೇಲೆ ಕೂತಿರುತ್ತೆ. ನೀವು ಕೂರೋ ಮುಂಚೆನೇ.

ಒಂದು ವಿಷಯ ಮಾತ್ರ ಹೇಳ್ಬೇಕು. ಬೀರು ಹುಳಿ ಇದೆ ಅಂತ ವಾಪಸ್ ಕಳಿಸಿದ ಗಿರಾಕಿ ಮುಂದಿನ ವಾರ ಮತ್ತೆ ಬರ್ತಿದ್ದ. ಹುಡುಗರು ಮುಖ ಸಿಂಡರಿಸಿದ್ರೆ ಬರ್ತಿರಲಿಲ್ಲ.

ಈಸ್ಟ್ ಸ್ವಾಮಿ

ಎಲ್ಲರೂ ಜಾಗದ ಕಡೆಗೇ ವಾಲ್ತಿದ್ದೀರ, ಹಾಗಾಗಿ ಒಂದು ಲೆಕ್ಕ ಮುಂದಿಡ್ತೀನಿ. ಗಿನ್ನೆಸ್ ಅನ್ನೋ ಐರಿಷ್ ಕಪ್ಪು ಬೀರು ಐರ್ಲೆಂಡಿನಲ್ಲೇ ಹೆಚ್ಚು ರುಚಿ ಅಂತ ಮಾತಿದೆ. ಅದು ಬೀರಿನ ಗುಣವೋ, ಅಲ್ಲಿನ ಪಬ್ಬಿನ ಗುಣವೋ? ನಾಲ್ಕು ಸಂಶೋಧಕರು ಒಂದು ವರ್ಷ 14 ದೇಶಗಳ 33 ಊರು ಸುತ್ತಿ, 103 ಸಲ ರುಚಿ ನೋಡಿ, 2011ರಲ್ಲಿ ಪ್ರಕಟಿಸಿದ್ರು. ನೂರಕ್ಕೆ ಐರ್ಲೆಂಡಿನಲ್ಲಿ ಸರಾಸರಿ 74, ಹೊರಗೆ 57. ಇದರಲ್ಲಿ ಮುಖ್ಯವಾದದ್ದು, ಪಬ್ಬಿನ ವಾತಾವರಣಕ್ಕೂ ಬೇರೆ ಅಂಕ ಹಾಕಿದ್ರು. ಅದರ ಪ್ರಭಾವವನ್ನ ಲೆಕ್ಕದಿಂದ ಕಳೆದ ಮೇಲೂ ವ್ಯತ್ಯಾಸ ಹಾಗೇ ಉಳೀತು. ಬೀರು ಅಲ್ಲಿ ಬೇಗ ಖಾಲಿಯಾಗುತ್ತೆ, ಸುರಿಯೋ ಕೈಗೆ ಪಳಗಿದೆ. ನನಗೆ ತೋಚೋ ಕಾರಣ ಅದೇ.

ಹಳೇ ಮಗ್ಗು

ಸ್ವಾಮಿ, ಅವರ ಕಣ್ಣು ಕಟ್ಟಿ ಕುಡಿಸಿದ್ರಾ? ಡಬ್ಲಿನ್‌ನ ಪಬ್ಬಲ್ಲಿ ಕೂತಿದ್ದೀನಿ, ಕೈಯಲ್ಲಿ ಗಿನ್ನೆಸ್ ಇದೆ ಅಂತ ಗೊತ್ತಿದ್ದೇ ಅಂಕ ಹಾಕಿದ್ದು ತಾನೇ? ವಾತಾವರಣವನ್ನ ಬೇರೆ ಕಾಲಂನಲ್ಲಿ ಬರೆದ ಮಾತ್ರಕ್ಕೆ ಅದು ನಾಲಿಗೆಯಿಂದ ಇಳಿದುಹೋಯ್ತಾ?

ಈಸ್ಟ್ ಸ್ವಾಮಿ

ಇದಕ್ಕೆ ಒಂದು ಅಂಕ ನಿಮಗೆ. ಐದಕ್ಕೆ.

ಮ್ಯೂನಿಕ್ ತೀರ್ಥಹಳ್ಳಿ

ಬಾಡಿಗೆ ಮಾತು ಬಂತಲ್ಲ, ಅದಕ್ಕೆ ಬರೀತಿದ್ದೇನೆ. ಇಲ್ಲಿನ ಬೀರ್ ಗಾರ್ಡನ್ನುಗಳಿಗೆ ನಿಮ್ಮ ಊಟ ನೀವೇ ತಗೊಂಡು ಹೋಗಬಹುದು. ಹಿಂದಿನ ಕಾಲದಲ್ಲಿ ಬ್ರೂವರಿಯವರು ಬೇಸಿಗೆಗೆ ಬೇಕಾದ ಬೀರನ್ನು ನೆಲಮಾಳಿಗೆಯಲ್ಲಿ ಇಟ್ಟು, ತಂಪಿರಲಿ ಅಂತ ಮೇಲೆ ಚೆಸ್ಟ್‌ನಟ್ ಮರ ನೆಟ್ಟರು. ಜನ ಅಲ್ಲೇ ನೆರಳಲ್ಲಿ ಕೂತು ಕುಡಿಯೋಕೆ ಶುರು ಮಾಡಿದರು, ಊರೊಳಗಿನ ಹೋಟೆಲಿನವರು ವ್ಯಾಪಾರ ಹೋಯ್ತು ಅಂತ ರಾಜನ ಹತ್ತಿರ ದೂರು ಒಯ್ದರು. 1812ರಲ್ಲಿ ಬವೇರಿಯಾದ ಮ್ಯಾಕ್ಸ್ ದೊರೆ ತೀರ್ಪು ಕೊಟ್ಟ: ಬೀರು, ಬ್ರೆಡ್ಡು ಮಾರಬಹುದು, ಊಟ ಮಾರುವ ಹಾಗಿಲ್ಲ. ಜನ ಬುತ್ತಿ ಕಟ್ಟಿಕೊಂಡು ಬಂದರು, ಇನ್ನೂ ಬರ್ತಿದ್ದಾರೆ. ಬಟ್ಟೆ ಹಾಸದ ಟೇಬಲ್ ಇದ್ದರೆ ಅಲ್ಲಿ ನಮ್ಮ ಡಬ್ಬಿ ಬಿಚ್ಚಬಹುದು. ನಾವು ಚಿತ್ರಾನ್ನ, ಕೋಡುಬಳೆ ತಗೊಂಡು ಹೋಗ್ತೇವೆ, ಪಕ್ಕದ ಅಜ್ಜ ಮೂಲಂಗಿ ಹೆಚ್ಚಿ ಉಪ್ಪು ಹಾಕಿ ಕೊಡ್ತಾನೆ.

1995ರಲ್ಲಿ ಅಕ್ಕಪಕ್ಕದ ಮನೆಯವರ ದೂರಿನ ಮೇಲೆ ಒಂದು ಗಾರ್ಡನ್ನನ್ನು ಬೇಗ ಮುಚ್ಚಬೇಕು ಅಂತ ಕೋರ್ಟ್ ಹೇಳಿದಾಗ ಸಾವಿರಾರು ಜನ ಬೀದಿಗಿಳಿದರು. ಆಮೇಲೆ ಸರ್ಕಾರ ಇದಕ್ಕೆಂದೇ ಬೇರೆ ನಿಯಮ ಮಾಡಿ ರಾತ್ರಿ ಹನ್ನೊಂದರವರೆಗೆ ಬಿಟ್ಟಿತು. ಬೀರಿನ ರುಚಿಗೋಸ್ಕರ ಯಾರೂ ಆ ಮೆರವಣಿಗೆ ಹೋಗಿರಲಿಲ್ಲ.

ರಾಯಚೂರು ಬಿಸ್ಲು

ನಾವು ಡಬ್ಬಿ ಒಯ್ದ್ರ ಸೆಕ್ಯುರಿಟಿ ಬಾಗಲದಾಗs ಹಿಡೀತಾನ್ರೀ. ನೀರಿನ ಬಾಟ್ಲಿ ಸೈತ ಕಸಗೊಂಡು ಒಳಗ ನೂರ್ ರೂಪಾಯಿಗೆ ಮಾರ್ತಾರ.

ಹಳೇ ಮಗ್ಗು

ಇಷ್ಟೆಲ್ಲ ಓದಿದ ಮೇಲೂ ನನ್ನ ಪಟ್ಟು ಬಿಡಲ್ಲ, ಸ್ವಲ್ಪ ಜರುಗಿಸ್ತೀನಿ ಅಷ್ಟೇ. ಅಲಂಕಾರಕ್ಕೆ ನಾನು ವಾತಾವರಣ ಅನ್ನಲ್ಲ. ಗೋಡೆಗೆ ಸೈಕಲ್ ನೇತುಹಾಕಿ, ಹಳದಿ ಬಲ್ಬು ಇಳಿಬಿಟ್ಟ ಮಾತ್ರಕ್ಕೆ ಪಬ್ ಆಗಲ್ಲ. ಯಾರನ್ನ ಒಳಗೆ ಬಿಡ್ತಾರೆ, ಎಷ್ಟು ಹೊತ್ತು ಕೂರಿಸ್ತಾರೆ, ಮಾತು ಕೇಳಿಸುತ್ತಾ, ಕುಡ್ಲದವಳು ಮೇಡಂ ಹೇಳಿದ ಚಿಲಕ ಇದೆಯಾ. ಇಷ್ಟು ನೋಡ್ಕೊಳ್ಳೋ ಮಾಲೀಕ ಲೈನ್ ತೊಳೆಸದೆ ಇರ್ತಾನೆ ಅಂತ ನನಗನ್ನಿಸಲ್ಲ.

ಈಸ್ಟ್ ಸ್ವಾಮಿ, ಒಂದು ಪ್ರಶ್ನೆ. ಬೀರು ಸರಿಯಾಗಿದೆಯಾ ಅಂತ ಆರ್ಡರ್ ಮಾಡೋ ಮುಂಚೆ ತಿಳ್ಕೊಳ್ಳೋದು ಹೇಗೆ?

ಈಸ್ಟ್ ಸ್ವಾಮಿ

ಅನ್ನಿಸಲ್ಲ ಅಂದ್ರಿ, ಲೈನ್ ತೊಳೆಸದ ಒಳ್ಳೇ ಮನುಷ್ಯರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ಇರಲಿ.

‘ಯಾವುದು ಚೆನ್ನಾಗಿದೆ’ ಅಂತ ಕೇಳಬೇಡಿ, ‘ಎಲ್ಲಾ ಚೆನ್ನಾಗಿದೆ ಸಾರ್’ ಅಂತಾರೆ. ‘ಯಾವುದು ಜಾಸ್ತಿ ಓಡ್ತಿದೆ’ ಅಂತ ಕೇಳಿ, ಅದನ್ನೇ ತಗೊಳ್ಳಿ. ಹನ್ನೆರಡು ಟ್ಯಾಪ್ ಇರೋ ಕಡೆ ಕೊನೆಯ ನಾಲ್ಕು ಟ್ಯಾಪನ್ನ ಯಾರು ಮುಟ್ತಾರೋ ದೇವರಿಗೇ ಗೊತ್ತು. ಸ್ಯಾಂಪಲ್ ಕೇಳೋಕೆ ಸಂಕೋಚ ಬೇಡ, ಬ್ರೂಪಬ್‌ಗಳಲ್ಲಿ ಸಾಮಾನ್ಯವಾಗಿ ಕೊಡ್ತಾರೆ. ಅದು ಐಸಿನಷ್ಟು ತಣ್ಣಗಿದ್ರೆ ಒಂದು ನಿಮಿಷ ಅಂಗೈಯಲ್ಲಿ ಹಿಡ್ಕೊಂಡು ಆಮೇಲೆ ಮೂಸಿ, ಚಳಿಯಲ್ಲಿ ದೋಷ ಮುಚ್ಚಿಹೋಗುತ್ತೆ.

ಕುಡ್ಲದವಳು

ಮತ್ತೆ ಯಾವ ಹೊತ್ತಿಗೆ ಹೋಗುವುದು ಒಳ್ಳೆಯದು? ನನಗೆ ಮಧ್ಯಾಹ್ನ ಆಗ್ತದೆ. ಡಿಜೆ ಇರುವುದಿಲ್ಲ, ಆರಾಮ ಕೂರಬಹುದು.

ಈಸ್ಟ್ ಸ್ವಾಮಿ

ಅಲ್ಲೇ ತೊಡಕು ಇರೋದು ಮೇಡಂ. ಬಾಗಿಲು ತೆಗೆದ ಕೂಡಲೇ ಹೋದ್ರೆ ಮಾತು ಚೆನ್ನಾಗಿ ಕೇಳಿಸುತ್ತೆ, ಆದ್ರೆ ಮೊದಲ ಗ್ಲಾಸಿಗೆ ಬರೋದು ರಾತ್ರಿಯಿಡೀ ಪೈಪಲ್ಲಿ ನಿಂತಿದ್ದ ಬೀರು. ಶನಿವಾರ ರಾತ್ರಿ ಒಂಬತ್ತಕ್ಕೆ ಅದೇ ಟ್ಯಾಪಿನ ಬೀರು ತಾಜಾ ಇರುತ್ತೆ, ಆಗ ನಿಮ್ಮ ಗೆಳತಿಯ ಮಾತು ಕೇಳಿಸಲ್ಲ. ಮಧ್ಯಾಹ್ನವೇ ಹೋಗಿ, ಮೊದಲ ಗಿರಾಕಿ ಮಾತ್ರ ಆಗಬೇಡಿ. ಒಂದೆರಡು ಟೇಬಲ್ ಕುಡಿಯೋಕೆ ಶುರು ಮಾಡಲಿ, ಆಮೇಲೆ ಆರ್ಡರ್ ಕೊಡಿ.

ಮಹಡಿ ಮಾದೇಶ

ಟೆರೇಸಲ್ಲಿ ಲೈನೂ ಇಲ್ಲ, ಡಿಜೆನೂ ಇಲ್ಲ. ಅತ್ತೆ ಮಾತ್ರ ಇದ್ದಾರೆ, ಹತ್ತು ಗಂಟೆಗೆ ಲೈಟ್ ಆರಿಸ್ತಾರೆ.